ಮೇಕೆ ರಾತ್ರೋರಾತ್ರಿ ಸತ್ತರೆ: ಕಾರಣ ಹುಡುಕುವುದು, ಉಳಿದವನ್ನು ಕಾಯುವುದು

ಸಂಜೆ ಚೆನ್ನಾಗಿ ಮೇಯ್ದು ಬಂದ ಮೇಕೆ ಬೆಳಿಗ್ಗೆ ಸತ್ತು ಬಿದ್ದಿದ್ದರೆ ಊರಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: ಹಾವು ಕಚ್ಚಿರಬೇಕು. ಹಾಗೆಂದುಕೊಂಡು ಹೂತುಬಿಟ್ಟರೆ ನಿಜವಾದ ಕಾರಣ ಮಣ್ಣುಪಾಲಾಗುತ್ತದೆ, ವಾರದೊಳಗೆ ಇನ್ನೆರಡು ಹೋಗುತ್ತವೆ. ಸತ್ತ ಮೊದಲ ಕೆಲವು ಗಂಟೆಗಳಲ್ಲಿ ನೀವೇನು ಮಾಡುತ್ತೀರಿ ಎಂಬುದರ ಮೇಲೆ ಉಳಿದ ಮೇಕೆಗಳ ಜೀವ ನಿಂತಿದೆ.

ಮುಟ್ಟುವ ಮೊದಲು ದೂರದಿಂದಲೇ ನೋಡಿ. ಮೂಗು, ಬಾಯಿ, ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಿದೆಯೇ? ದೇಹ ಬೇಗ ಉಬ್ಬಿದೆ, ಆದರೆ ಕಾಲು ಸೆಟೆದಿಲ್ಲವೇ? ಹಾಗಿದ್ದರೆ ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು. ಇಂಥ ದೇಹವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು, ಮಾಂಸ ಹಂಚಲೇಬಾರದು. ಕೊಯ್ಯದೆ ಬಿಟ್ಟ ದೇಹದೊಳಗೆ ಕೊಳೆಯುವಾಗ ರೋಗಾಣು ತಾನೇ ಸಾಯುತ್ತದೆ. ಕೊಯ್ದರೆ ಗಾಳಿ ತಾಗಿ ಗಟ್ಟಿ ಬೀಜಕಣವಾಗಿ ಅದೇ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ, ಮನುಷ್ಯರಿಗೂ ಹತ್ತುತ್ತದೆ. ವೈದ್ಯರು ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷಿಸುತ್ತಾರೆ, ಅಷ್ಟು ಸಾಕು. ಆಮೇಲೆ ಬಾವಿ, ಹಳ್ಳದಿಂದ ದೂರ ಆರಡಿ ಆಳದ ಗುಂಡಿಯಲ್ಲಿ, ರಕ್ತ ಬಿದ್ದ ಮಣ್ಣಿನ ಸಮೇತ ಹೂಳಿ. ನಾಯಿ ಕೆದಕದಂತೆ ಮೇಲೆ ಮುಳ್ಳು ಹೇರಿ.

ಈ ಲಕ್ಷಣಗಳೂ ಮೈಮೇಲೆ ಗಾಯವೂ ಇಲ್ಲದಿದ್ದರೆ ದೇಹವನ್ನು ನೆರಳಿಗೆ ಹಾಕಿ, ಹತ್ತಿರದ ಪಶು ಆಸ್ಪತ್ರೆಗೋ ಪಶು ಸಹಾಯವಾಣಿ 1962ಕ್ಕೋ ಕರೆ ಮಾಡಿ. ಮರಣೋತ್ತರ ಪರೀಕ್ಷೆ ಆದಷ್ಟು ಬೇಗ ಆಗಬೇಕು. ನಮ್ಮ ಬಿಸಿಲಿಗೆ ಅರ್ಧ ದಿನ ಕಳೆದರೆ ಕರುಳು, ಮೂತ್ರಪಿಂಡ ಕೊಳೆತು ಮೆತ್ತಗಾಗಿ, ರೋಗದಿಂದ ಹಾಗಾಯಿತೋ ಕೊಳೆತು ಹಾಗಾಯಿತೋ ಹೇಳಲಾಗುವುದಿಲ್ಲ. ಸತ್ತ ಕುರಿ, ಮೇಕೆಗೆ ಸರ್ಕಾರ ಕೊಡುವ ಅನುಗ್ರಹ ಯೋಜನೆಯ ಪರಿಹಾರಕ್ಕೂ ಈ ಪರೀಕ್ಷೆಯ ವರದಿ ಬೇಕು. ವೈದ್ಯರು ಬರುವವರೆಗೆ ಉಳಿದವಕ್ಕೆ ನಿನ್ನೆಯ ಮೇವು, ನಿನ್ನೆಯ ನೀರು ಬೇಡ. ಹಿಂಡಿ, ಕಾಳು ನಿಲ್ಲಿಸಿ ಒಣ ಹುಲ್ಲು ಮಾತ್ರ ಕೊಡಿ. ಹಿಂದಿನ ದಿನ ಎಲ್ಲಿ ಮೇಯ್ದವು, ಹೊಸದಾಗಿ ಏನು ತಿಂದವು ಎಂದು ಬರೆದಿಡಿ.

ಸತ್ತದ್ದು ಯಾವುದು ಎಂಬುದೇ ಅರ್ಧ ಉತ್ತರ ಹೇಳುತ್ತದೆ. ಹಿಂಡಿನಲ್ಲಿ ಎಲ್ಲಕ್ಕಿಂತ ದಷ್ಟಪುಷ್ಟವಾಗಿದ್ದ, ಮೇವಿಗೆ ಮೊದಲು ನುಗ್ಗುವ ಮರಿಯೇ ಸತ್ತಿದ್ದರೆ ಕರುಳು ಬೇನೆಯನ್ನು ಮೊದಲು ಅನುಮಾನಿಸಿ. ಇದರ ರೋಗಾಣು ಆರೋಗ್ಯವಾಗಿರುವ ಮೇಕೆಯ ಕರುಳಿನಲ್ಲೂ ಸ್ವಲ್ಪ ಇರುತ್ತದೆ. ಕಾಳು, ಹಿಂಡಿ, ಮದುವೆ ಮನೆಯ ಅನ್ನ, ಮಳೆ ಬಿದ್ದೊಡನೆ ಚಿಗುರಿದ ಎಳೆ ಹುಲ್ಲು ಒಮ್ಮೆಲೇ ಹೊಟ್ಟೆಗೆ ಬಿದ್ದಾಗ ಅದು ಮಿತಿಮೀರಿ ಬೆಳೆದು ವಿಷ ಬಿಡುತ್ತದೆ. ಕೆಲವು ಗಂಟೆಗಳಲ್ಲೇ ಸಾವು. ಕಣ್ಣೆದುರೇ ಸತ್ತರೆ ತಲೆ ಹಿಂದಕ್ಕೆ ಬಾಗಿಸಿ ಕಾಲು ಬಡಿಯುವುದು ಕಾಣುತ್ತದೆ.

ಇದಕ್ಕೆ ಲಸಿಕೆ ಇದೆ. ಮುಂಗಾರಿಗೆ ಮೊದಲು, ಮೇ ತಿಂಗಳಲ್ಲಿ ಚರ್ಮದಡಿ ಹಾಕಿಸಬೇಕು. ಮೊದಲ ಸಲ ಹಾಕಿಸುವ ಮೇಕೆಗೆ ಎರಡು ಮೂರು ವಾರ ಬಿಟ್ಟು ಇನ್ನೊಂದು ಡೋಸ್ ಬೇಕೇ ಬೇಕು. ಬಹಳ ಮಂದಿ ಬಿಡುವುದು ಇದನ್ನೇ. ಈ ಲಸಿಕೆಯ ಬಲ ಕುರಿಯಲ್ಲಿ ನಿಂತಷ್ಟು ಕಾಲ ಮೇಕೆಯಲ್ಲಿ ನಿಲ್ಲದು. ಹಾಗಾಗಿ ಹಿಂಡಿ ಹಾಕಿ ಬೆಳೆಸುವ ಮರಿಗಳಿಗೆ ಆರು ತಿಂಗಳಿಗೊಮ್ಮೆ ಹಾಕಿಸುವುದು ಒಳ್ಳೆಯದು. ಬಾಟಲಿಯನ್ನು ಐಸ್ ಪೆಟ್ಟಿಗೆಯಲ್ಲೇ ತನ್ನಿ, 2ರಿಂದ 8 ಡಿಗ್ರಿಯಲ್ಲಿಡಿ. ಬೈಕಿನ ಡಿಕ್ಕಿಯಲ್ಲಿ ಬಿಸಿಯಾದ ಲಸಿಕೆ ಹಾಕಿಯೂ ಹಾಕದಂತೆ. ಕಾಳು, ಹಿಂಡಿಯನ್ನು ದಿನಕ್ಕೆ 50 ಗ್ರಾಂನಿಂದ ಶುರುಮಾಡಿ ಹತ್ತು ಹದಿನೈದು ದಿನದಲ್ಲಿ ನಿಧಾನವಾಗಿ ಏರಿಸಿ. ದಿನದ ಪಾಲನ್ನು ಎರಡು ಹೊತ್ತಿಗೆ ಹಂಚಿ, ಮೊದಲು ಹುಲ್ಲು, ಆಮೇಲೆ ಹಿಂಡಿ.

ಒಟ್ಟಿಗೆ ಮೇಯ್ದ ನಾಲ್ಕೈದು ಒಂದೇ ಗಂಟೆಯಲ್ಲಿ ಬಿದ್ದರೆ ಮೊದಲು ವಿಷವನ್ನು ಅನುಮಾನಿಸಿ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ, ಕೊಯ್ದ ಮೇಲೆ ಕೂಳೆಯಲ್ಲಿ ಒಡೆದ ಚಿಗುರು, ಮರಗೆಣಸಿನ ಎಲೆ, ಇವುಗಳಲ್ಲಿ ಸಯನೈಡ್ ವಿಷ ಹುಟ್ಟುತ್ತದೆ. ಆಗ ರಕ್ತ ಅಚ್ಚ ಕೆಂಪಗೆ ಹೊಳೆಯುತ್ತದೆ. ಬದುಕಿರುವವಕ್ಕೆ ವೈದ್ಯರು ತಕ್ಷಣ ರಕ್ತನಾಳಕ್ಕೆ ಕೊಡುವ ಔಷಧಿಯೇ ದಾರಿ. ಜೋಳ ಹೂಬಿಡುವವರೆಗೆ ಆ ಹೊಲಕ್ಕೆ ಮೇಕೆ ಬಿಡಬೇಡಿ. ಹೊಲದ ಬದಿಯಲ್ಲಿ ಹಾಯಲೇಬೇಕಾದರೆ ಮೊದಲು ಒಣ ಮೇವು ತಿನ್ನಿಸಿ. ಹಾಗೆಯೇ ಯೂರಿಯಾ ಚೀಲ ತೊಳೆದ ನೀರು, ಕೀಟನಾಶಕ ಕಲಸಿದ ಬಕೆಟ್, ಬೇಲಿಯ ಕಣಗಿಲೆ ಎಲ್ಲವನ್ನೂ ಹುಡುಕಿ.

ಬಡಕಲಾದವು ಒಂದೊಂದಾಗಿ ಸಾಯುತ್ತಿದ್ದರೆ ಅದು ಹೆಚ್ಚಾಗಿ ಜಂತು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ: ಕೆಂಪಗಿದ್ದರೆ ಸರಿ, ಬಿಳಚಿದ್ದರೆ ರಕ್ತ ಹೀರುವ ಹುಳು ಹೊಟ್ಟೆಯಲ್ಲಿರಬಹುದು. ದವಡೆಯ ಕೆಳಗೆ ನೀರು ತುಂಬಿ ಜೋತಿದ್ದರೆ ತಡಮಾಡಬೇಡಿ. ಔಷಧಿಯನ್ನು ತೂಕ ನೋಡಿಯೇ ಹಾಕಿ, ಅಂದಾಜಿನಲ್ಲಿ ಕಡಿಮೆ ಹಾಕಿದರೆ ಹುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಮಳೆಗಾಲದಲ್ಲಿ ಇಬ್ಬನಿ ಆರಿದ ಮೇಲೆ ಬಿಡಿ, ಮರಿಹುಳು ಒದ್ದೆ ಹುಲ್ಲಿನ ತುದಿಗೇರಿ ಕೂತಿರುತ್ತದೆ. ಜ್ವರ, ಮೂಗಿನಲ್ಲಿ ಗೊಣ್ಣೆ, ಬಾಯಿಹುಣ್ಣು, ಭೇದಿ ಕೂಡಿ ಬಂದರೆ ಪಿಪಿಆರ್ ಎಂಬ ಅಂಟುರೋಗ ಇರಬಹುದು. ಆ ಮೇಕೆಗಳನ್ನು ಬೇರೆ ಕಟ್ಟಿ ವೈದ್ಯರಿಗೆ ತಿಳಿಸಿ. ಸಂತೆಯಿಂದ ತಂದ ಮೇಕೆಯನ್ನು ಮೂರು ವಾರ ಬೇರೆಯೇ ಇಡಿ.

ಮೈಮೇಲೆ ಗಾಯವಿದ್ದರೆ ಗಾಯದ ಜಾಗ ನೋಡಿ. ನಾಯಿಗಳಾದರೆ ಹಿಂಗಾಲು, ತೊಡೆ, ಕಿವಿ ಹರಿದಿರುತ್ತವೆ. ಹಲವು ಮೇಕೆ ಗಾಯಗೊಂಡು, ತಿಂದಿರುವುದು ಕಡಿಮೆ. ಚಿರತೆಯಾದರೆ ಗಂಟಲಲ್ಲಿ ಆಳವಾದ ಕೋರೆಹಲ್ಲಿನ ಗುರುತು, ಪೊದೆಯತ್ತ ಎಳೆದೊಯ್ದ ಜಾಡು. ಚಿರತೆ, ತೋಳವೆಂದು ಕಂಡರೆ ದೇಹ ಕದಲಿಸದೆ ಅರಣ್ಯ ಇಲಾಖೆಗೆ ತಿಳಿಸಿ, ಮಹಜರು ಆಗದೆ ಪರಿಹಾರ ಸಿಗುವುದು ಕಷ್ಟ. ಉಳಿದ ದೇಹಕ್ಕೆ ವಿಷ ಹಾಕಬೇಡಿ; ಅದು ಅಪರಾಧ, ಸಾಯುವುದು ಊರ ನಾಯಿ, ಹದ್ದು ಕೂಡ.

ರಾತ್ರಿಯ ದೊಡ್ಡಿಗೆ ಸುತ್ತ ಬೇಲಿಯಷ್ಟೇ ಸಾಲದು, ಚಿರತೆ ಮೇಲಿನಿಂದ ಇಳಿಯುತ್ತದೆ. ದೊಡ್ಡ ಮೇಕೆಗೆ 10–12 ಚದರ ಅಡಿಯಂತೆ ಜಾಗ ಲೆಕ್ಕ ಹಾಕಿ, ಬೆಸುಗೆ ಹಾಕಿದ ಎರಡಿಂಚು ಕಣ್ಣಿನ ಜಾಲರಿಯನ್ನು ಗೋಡೆಗೂ ಮೇಲಕ್ಕೂ ಬಿಗಿಯಿರಿ. ಗೋಡೆಗೂ ಸೂರಿಗೂ ನಡುವಿನ ಸಂದನ್ನು ಮೊದಲು ಮುಚ್ಚಿ. ನಾಯಿ ತೋಡದಂತೆ ಜಾಲರಿಯ ಬುಡದಲ್ಲಿ ಎರಡು ಅಡಿಯನ್ನು ಹೊರಕ್ಕೆ ಮಡಚಿ, ನಾಲ್ಕು ಬೆರಳು ಮಣ್ಣು ಮುಚ್ಚಿ ಕಲ್ಲು ಹೇರಿ. ಬಾಗಿಲಿಗೆ ಹಗ್ಗ ಬೇಡ, ಮೇಲೊಂದು ಕೆಳಗೊಂದು ಚಿಲಕ ಹಾಕಿ. ಬಾಗಿಲ ಕೆಳ ಅಂಚಿಗೂ ನೆಲಕ್ಕೂ ನಾಲ್ಕು ಬೆರಳಿಗಿಂತ ಹೆಚ್ಚು ಸಂದಿದ್ದರೆ ಅಲ್ಲಿ ಚಪ್ಪಡಿ ಕೂರಿಸಿ.