ರೈಲು ಟಿಕೆಟ್ ಕ್ಯಾನ್ಸಲ್ ಮಾಡುವ ಮುಂಚೆ ಇದೊಂದು ಓದಿ

ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ (ಹಿಂದಿನ ದಿನ ಹೆಚ್ಚು ದುಡ್ಡು ಕೊಟ್ಟು ತುರ್ತಾಗಿ ತೆಗೆಯುವ ಟಿಕೆಟ್) ಕ್ಯಾನ್ಸಲ್ ಮಾಡಿದರೆ ಒಂದು ರೂಪಾಯಿಯೂ ವಾಪಸ್ ಬರಲ್ಲ. ನಾವು ಬಿಟ್ಟ ಸೀಟು ವೇಟಿಂಗ್ ಲಿಸ್ಟಿನಲ್ಲಿ ಇದ್ದವರಿಗೆ ಸಿಕ್ಕರೂ ಅಷ್ಟೇ. ಇದು ಅನ್ಯಾಯ ಅಲ್ವಾ? ಆದರೂ ಇರುವ ನಿಯಮದಲ್ಲೇ ಒಂದಿಷ್ಟು ದುಡ್ಡು ಉಳಿಸಿಕೊಳ್ಳಬಹುದು.

ರೈಲು ನೀವು ಹತ್ತುವ ಸ್ಟೇಷನ್ನಿಗೆ 3 ಗಂಟೆಗಿಂತ ಜಾಸ್ತಿ ಲೇಟಾಗಿ, ನೀವು ಹೋಗದಿದ್ದರೆ ಪೂರ್ತಿ ದುಡ್ಡು ಕೇಳಬಹುದು. ತತ್ಕಾಲ್ ಟಿಕೆಟ್ಟಿಗೂ ಇದು ಸಿಗುತ್ತದೆ. ಆದರೆ ಸುಮ್ನೆ ಕ್ಯಾನ್ಸಲ್ ಒತ್ತಬೇಡಿ. ರೈಲ್ವೆ ಟಿಕೆಟ್ ಸೈಟ್ ಐಆರ್‌ಸಿಟಿಸಿಯಲ್ಲಿ 'ಫೈಲ್ ಟಿಡಿಆರ್'ಗೆ (ದುಡ್ಡು ವಾಪಸ್ ಕೇಳುವ ಅರ್ಜಿ) ಹೋಗಿ, ಕಾರಣದ ಪಟ್ಟಿಯಲ್ಲಿ ರೈಲು 3 ಗಂಟೆಗಿಂತ ಲೇಟು ಅನ್ನುವುದನ್ನು ಆರಿಸಿ. ಆ ಸ್ಟೇಷನ್ನಿಂದ ರೈಲು ಹೊರಡುವ ಮುಂಚೆಯೇ ಇದನ್ನು ಹಾಕಬೇಕು. ಮನೆಗೆ ಹೋಗಿ ನಿಧಾನವಾಗಿ ಹಾಕೋಣ ಅಂದರೆ ಆಗಲ್ಲ. ರೈಲು ಎಷ್ಟು ಲೇಟು ಅಂತ ತೋರಿಸುವ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ದುಡ್ಡು ಬರಲು ಹಲವು ದಿನ ಹಿಡಿಯುತ್ತದೆ, ತಾಳ್ಮೆ ಬೇಕು.

ಇನ್ನೊಂದು, ತುಂಬಾ ಜನಕ್ಕೆ ಗೊತ್ತೇ ಇಲ್ಲ. ತತ್ಕಾಲ್ ಅಲ್ಲದ ನಿಮ್ಮ ಕನ್ಫರ್ಮ್ ಟಿಕೆಟ್ಟಿನಲ್ಲಿ, ಹೆಸರು ಬದಲಾಯಿಸಿ, ನಿಮ್ಮ ಬದಲು ಮನೆಯವರು ಹೋಗಬಹುದು. ಅಪ್ಪ, ಅಮ್ಮ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರಿಗೆ ಮಾತ್ರ. ರೈಲು ಹೊರಡುವ ಕನಿಷ್ಠ 24 ಗಂಟೆ ಮುಂಚೆ ರಿಸರ್ವೇಶನ್ ಕೌಂಟರಿಗೆ ಹೋಗಿ ಅರ್ಜಿ ಕೊಡಿ. ಟಿಕೆಟ್ ಪ್ರಿಂಟ್, ಇಬ್ಬರ ಗುರುತಿನ ಚೀಟಿ, ಸಂಬಂಧ ತೋರಿಸುವ ರೇಷನ್ ಕಾರ್ಡಿನಂಥ ದಾಖಲೆ ಜೊತೆಗಿರಲಿ. ಹೆಸರು ಬದಲಾವಣೆ ಒಂದೇ ಸಲ.

ಆರ್‌ಎಸಿ ಟಿಕೆಟ್ (ಕೂರಲು ಜಾಗ ಸಿಕ್ಕು, ಪೂರ್ತಿ ಬರ್ತ್ ಇನ್ನೂ ಖಚಿತವಾಗದ ಟಿಕೆಟ್) ಇದ್ದು ಹೋಗದಿದ್ದರೆ, ರೈಲು ಹೊರಡುವ ಕನಿಷ್ಠ ಅರ್ಧ ಗಂಟೆ ಮುಂಚೆ ಕ್ಯಾನ್ಸಲ್ ಮಾಡಬೇಕು. ತಡವಾದರೆ ದುಡ್ಡು ಪೂರ್ತಿ ಹೋಯಿತು.