ಸೌರ, ಪವನ ವಿದ್ಯುತ್ತಿಗೆ ಜಾಗ: ಯೋಜನಾ ವ್ಯವಸ್ಥೆಯನ್ನು ಸರಿಪಡಿಸುವುದು ಹೇಗೆ?

2030ರೊಳಗೆ ಪಳೆಯುಳಿಕೆಯೇತರ ಮೂಲಗಳಿಂದ 500 ಗಿಗಾವಾಟ್ ಉತ್ಪಾದನಾ ಸಾಮರ್ಥ್ಯವನ್ನು ಗಳಿಸುವುದಾಗಿ ಭಾರತವು 2021ರಲ್ಲಿ ಗ್ಲಾಸ್ಗೋ ಹವಾಮಾನ ಸಮಾವೇಶದಲ್ಲಿ ಘೋಷಿಸಿತು. ಗುರಿ ದೆಹಲಿಯದಾದರೂ ಸೌರ ಫಲಕಗಳು ನಿಲ್ಲಬೇಕಾದ ನೆಲ ಕಡೂರಿನದೋ ಅರಸೀಕೆರೆಯದೋ ಆಗಿರುತ್ತದೆ. ಸಂವಿಧಾನದಲ್ಲಿ ಭೂಮಿ ರಾಜ್ಯ ಪಟ್ಟಿಗೂ, ವಿದ್ಯುತ್ ಮತ್ತು ಅರಣ್ಯ ಸಮವರ್ತಿ ಪಟ್ಟಿಗೂ ಸೇರಿರುವುದರಿಂದ ಒಂದೇ ಯೋಜನೆಯ ಕಡತ ಹಲವು ಕಚೇರಿಗಳ ಮೆಟ್ಟಿಲು ಹತ್ತಬೇಕಾಗುತ್ತದೆ. ಅನುಮತಿಗಳನ್ನು ಕಡಿಮೆ ಮಾಡಿದರೆ ಸಾಕೆಂಬ ವಾದ ಜೋರಾಗಿಯೇ ಕೇಳಿಬರುತ್ತದೆ. ಆದರೆ ಹೂಡಿಕೆದಾರ ಬಂದು ಜಾಗ ಹುಡುಕಿದ ಮೇಲೆ ಆ ಜಾಗ ಸರಿಯೇ ಎಂದು ವಿಚಾರಿಸುವ ಪದ್ಧತಿಯೇ ತಡಕ್ಕೂ ತಕರಾರಿಗೂ ಮೂಲ ಎಂಬುದು ಈ ಲೇಖಕನ ಅಭಿಪ್ರಾಯ.

ಆದ್ದರಿಂದ ಮೊದಲ ಹೆಜ್ಜೆ ಜಿಲ್ಲೆಗೊಂದು ನಕ್ಷೆ. ಇದಕ್ಕೆ ಹೊಸ ಸಂಸ್ಥೆ ಬೇಕಾಗಿಲ್ಲ. ಸಂವಿಧಾನದ 243 ಝಡ್‌ಡಿ ವಿಧಿಯು ಜಿಲ್ಲೆಯ ಅಭಿವೃದ್ಧಿ ಯೋಜನೆಯ ಕರಡು ಸಿದ್ಧಪಡಿಸುವ ಹೊಣೆಯನ್ನು ಜಿಲ್ಲಾ ಯೋಜನಾ ಸಮಿತಿಗೆ ಈಗಾಗಲೇ ಒಪ್ಪಿಸಿದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ತಯಾರಾಗುವ ಮಹಾಯೋಜನೆಗಳು ಬಹುಮಟ್ಟಿಗೆ ಪಟ್ಟಣಗಳ ಸುತ್ತಮುತ್ತಲಿಗೇ ಸೀಮಿತವಾಗಿರುವುದರಿಂದ, ಹಳ್ಳಿಗಳ ಇಂಧನ ನಕ್ಷೆಯ ಕೆಲಸವನ್ನು ಈ ಸಮಿತಿಗೆ ವಹಿಸುವುದು ಸೂಕ್ತ. ನೀರಾವರಿ ಜಮೀನು, ಅರಣ್ಯ, ಗೋಮಾಳ, ಕೆರೆ, ವಿದ್ಯುತ್ ಉಪಕೇಂದ್ರ ಇವಿಷ್ಟನ್ನೂ ಸರ್ವೆ ನಂಬರ್‌ವಾರು ಒಂದೇ ಹಾಳೆಯ ಮೇಲೆ ತರಬೇಕು.

ಇಲ್ಲಿ ಎಚ್ಚರ ತಪ್ಪುವುದು 'ಬಂಜರು' ಎಂಬ ವರ್ಗೀಕರಣದಲ್ಲಿ. ಕಡೂರು, ಅಜ್ಜಂಪುರ, ಅರಸೀಕೆರೆ ಭಾಗದ ಅಮೃತ ಮಹಲ್ ಕಾವಲುಗಳು ಮರವಿಲ್ಲದ, ಉಳುಮೆಯಿಲ್ಲದ ಹುಲ್ಲುಗಾವಲುಗಳು; ಕಚೇರಿಯಲ್ಲಿ ಕುಳಿತು ಉಪಗ್ರಹ ಚಿತ್ರ ನೋಡುವವರಿಗೆ ಫಲಕ ಹಾಸಲು ಇದಕ್ಕಿಂತ ಒಳ್ಳೆಯ ಜಾಗ ಕಾಣದು. ಆದರೆ ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದ್ದು ಅಲ್ಲಿ ಕೃಷ್ಣಮೃಗಗಳಿರುವ ಕಾರಣಕ್ಕೆ. ಉಳಿದ ಕಾವಲುಗಳೂ ಖಾಲಿ ಬಿದ್ದ ನೆಲವಲ್ಲ, ದನ ಕುರಿಗಳ ಮೇವಿನ ನೆಲ. ನಕ್ಷೆಯಲ್ಲಿ ಇವನ್ನು ಮೊದಲೇ ಹೊರಗಿಡದಿದ್ದರೆ ಮುಂದೆ ತಡೆಯಲು ಬೇರೆ ಹಂತವೇ ಸಿಗದೆ ಹೋಗಬಹುದು. ಏಕೆಂದರೆ 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಅನುಸೂಚಿಯಲ್ಲಿ, ಅಂದರೆ ಪರಿಸರ ಅನುಮತಿ ಬೇಕಾದ ಯೋಜನೆಗಳ ಪಟ್ಟಿಯಲ್ಲಿ, ಸೌರ ಫಲಕ ಮತ್ತು ಪವನ ಘಟಕಗಳು ಸೇರಿಲ್ಲ. ಮಲೆನಾಡಿನ ಕಡೆ, ಅಂದರೆ ಸಕಲೇಶಪುರ, ಮೂಡಿಗೆರೆಗಳಲ್ಲಿ ತೊಡಕು ಇನ್ನೊಂದು ಬಗೆಯದು. ಅದೇ ಅಧಿಸೂಚನೆ 25 ಮೆಗಾವಾಟ್‌ಗಿಂತ ಕಡಿಮೆ ಸಾಮರ್ಥ್ಯದ ಜಲವಿದ್ಯುತ್ ಘಟಕಗಳನ್ನು ಹೊರಗಿಟ್ಟಿರುವುದರಿಂದ ಒಂದೇ ಹಳ್ಳದ ಮೇಲೆ ಸಾಲಾಗಿ ಬರುವ ಕಿರು ಘಟಕಗಳ ಒಟ್ಟು ಪರಿಣಾಮವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಅಲ್ಲಿ ಘಟಕವಾರು ಅಲ್ಲದೆ ಕಣಿವೆವಾರು ಅಧ್ಯಯನ ಆಗಬೇಕು.

ನಕ್ಷೆ ಸಿದ್ಧವಾದ ಮೇಲೆ ಎರಡನೆಯ ಹೆಜ್ಜೆ ಅನುಮತಿಗೆ ಕಾಲಮಿತಿ. ಐರೋಪ್ಯ ಒಕ್ಕೂಟವು 2023ರ ನಿರ್ದೇಶನದಲ್ಲಿ ಇದನ್ನೇ ಮಾಡಿದೆ: ಮೊದಲೇ ಗುರುತಿಸಿದ ವಲಯಗಳಲ್ಲಿ ಭೂಮಿಯ ಮೇಲಿನ ಯೋಜನೆಗಳಿಗೆ 12 ತಿಂಗಳು, ಹೊರಗಿನವುಗಳಿಗೆ 24 ತಿಂಗಳು. ಜರ್ಮನಿಯಂತೂ 2032ರ ಅಂತ್ಯಕ್ಕೆ ದೇಶದ ಶೇ 2ರಷ್ಟು ನೆಲವನ್ನು ಪವನ ವಿದ್ಯುತ್ತಿಗೆ ಗೊತ್ತುಪಡಿಸಬೇಕೆಂದು ಕಾನೂನನ್ನೇ ಮಾಡಿಕೊಂಡಿದೆ. ನಮ್ಮಲ್ಲಿ ಕಾಲಮಿತಿಯನ್ನಷ್ಟೇ ಎರವಲು ತಂದು ನಕ್ಷೆಯನ್ನು ಬಿಟ್ಟುಬಿಟ್ಟರೆ ಪ್ರಯೋಜನವಿಲ್ಲ.

ಮೂರನೆಯದು ಜಮೀನು. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿಗೆ ಸುಮಾರು 13,000 ಎಕರೆಯನ್ನು ಸ್ವಾಧೀನಪಡಿಸಿಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಮಾದರಿ ಅನುಸರಿಸುವಂಥದ್ದೇ, ಆದರೆ ಗುತ್ತಿಗೆ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ ಹೋಗುತ್ತದೆಯೇ ಹೊರತು ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗಲ್ಲ ಎಂಬುದನ್ನು ಒಪ್ಪಂದದ ಹಂತದಲ್ಲೇ ಗಮನಿಸಬೇಕು. ಪೋಡಿ ಆಗದ, ಅಂದರೆ ಪ್ರತಿಯೊಬ್ಬರ ಪಾಲನ್ನು ಅಳೆದು ಬೇರ್ಪಡಿಸದ, ಸರ್ವೆ ನಂಬರ್‌ಗಳಲ್ಲಿ ಯಾರ ಪಾಲು ಎಷ್ಟೆಂಬುದೇ ಸ್ಪಷ್ಟವಿರದ ಕಾರಣ, ಗೊತ್ತುಪಡಿಸಿದ ವಲಯಗಳಲ್ಲಿ ಪೋಡಿ ಕೆಲಸವನ್ನು ಸರ್ಕಾರವೇ ಮುಂಚಿತವಾಗಿ ಮುಗಿಸಿಕೊಡಬೇಕು.

ನಂತರದ ಹೆಜ್ಜೆ ತಂತಿ ಮಾರ್ಗ. ಸೌರ ಘಟಕ ಕಟ್ಟುವುದಕ್ಕಿಂತ ಪ್ರಸರಣ ಮಾರ್ಗ ಎಳೆಯಲು ಹೆಚ್ಚು ಕಾಲ ಹಿಡಿಯುತ್ತದೆ. ಅಕ್ಕಪಕ್ಕದ ತಾಲ್ಲೂಕುಗಳಾದರೂ ಅರಸೀಕೆರೆ ಸೆಸ್ಕ್ ವ್ಯಾಪ್ತಿಗೆ, ಕಡೂರು ಮೆಸ್ಕಾಂ ವ್ಯಾಪ್ತಿಗೆ ಸೇರುವುದರಿಂದ, ರಾಜ್ಯದ ಪ್ರಸರಣ ನಿಗಮವಾದ ಕೆಪಿಟಿಸಿಎಲ್ ಜೊತೆಗೆ ಈ ಎರಡೂ ವಿದ್ಯುತ್ ವಿತರಣಾ ಕಂಪನಿಗಳು ಒಂದೇ ನಕ್ಷೆಯ ಮುಂದೆ ಕುಳಿತು ಉಪಕೇಂದ್ರಗಳ ಜಾಗ ನಿರ್ಧರಿಸಬೇಕಾಗುತ್ತದೆ. ಗೋಪುರ ನಿಲ್ಲುವ ಜಾಗಕ್ಕೆ ಭೂಮಿಯ ಮೌಲ್ಯದ ಶೇ 200, ತಂತಿ ಹಾದುಹೋಗುವ ಪಟ್ಟಿಗೆ ಶೇ 30 ಪರಿಹಾರವನ್ನು ಕೇಂದ್ರದ ಜೂನ್ 2024ರ ಮಾರ್ಗಸೂಚಿ ಸೂಚಿಸುತ್ತದೆ. ತೆಂಗಿನ ತೋಟದ ಮೇಲೆ ತಂತಿ ಹಾಯುವ ರೈತನಿಗೆ ಈ ಲೆಕ್ಕ ಕಂಬ ನೆಡುವ ಮೊದಲೇ ಲಿಖಿತವಾಗಿ ತಲುಪಬೇಕು.

ಗ್ರಾಮಸಭೆಯ ಅಭಿಪ್ರಾಯವನ್ನು ನಕ್ಷೆ ಕರಡಾಗಿರುವಾಗಲೇ ಕೇಳಬೇಕು. ಟೆಂಡರ್ ಆದ ಮೇಲೆ ಕೇಳುವುದು ಬರೀ ಶಾಸ್ತ್ರ. 2003ರ ವಿದ್ಯುತ್ ಕಾಯ್ದೆಯಂತೆ ಕೇಂದ್ರ ವಿದ್ಯುತ್ ಪ್ರಾಧಿಕಾರ ಐದು ವರ್ಷಕ್ಕೊಮ್ಮೆ ರಾಷ್ಟ್ರೀಯ ವಿದ್ಯುತ್ ಯೋಜನೆಯನ್ನು ರೂಪಿಸುತ್ತದೆ. ಜಿಲ್ಲಾ ನಕ್ಷೆಗಳೂ ಅದೇ ಆವರ್ತಕ್ಕೆ ಹೊಂದಿಕೊಂಡು, ಅದಕ್ಕಿಂತ ಒಂದು ವರ್ಷ ಮೊದಲೇ ಪರಿಷ್ಕೃತಗೊಂಡರೆ, ಮುಂದಿನ ಪ್ರಸರಣ ಮಾರ್ಗ ಯಾವ ಊರಿನ ಪಕ್ಕ ಹಾಯಬೇಕೆಂಬುದನ್ನು ಪ್ರಾಧಿಕಾರವು ಅವುಗಳನ್ನು ಆಧರಿಸಿ ತೀರ್ಮಾನಿಸಬಹುದು.