ಟೈಮ್ ಕಮ್ಮಿ ಇರೋರಿಗೆ ಫುಲ್ ಬಾಡಿ ವರ್ಕೌಟ್ ಪ್ಲಾನ್

ವಾರಕ್ಕೆ 3 ದಿನ, ದಿನಕ್ಕೆ 40 ನಿಮಿಷ ಸಿಕ್ರೆ ಸಾಕು, ಸ್ಟ್ರೆಂತ್, ಸ್ಪೀಡ್, ದಮ್ಮು ಮೂರೂ ಬೆಳೆಸ್ಕೋಬಹುದು, ಆದ್ರೆ ಕೈಗೊಂದು ದಿನ ಕಾಲಿಗೊಂದು ದಿನ ಅಂತ ಹಂಚ್ಕೊಂಡು ಕೂತ್ರೆ ಆಗಲ್ಲ, ಪ್ರತಿ ಸಲ ಇಡೀ ಮೈಗೆ ಕೆಲಸ ಕೊಡ್ಬೇಕು.

ಮೊದ್ಲು 5 ನಿಮಿಷ ವಾರ್ಮಪ್. ಆಮೇಲೆ ಜಂಪ್ಸ್, 3 ಸೆಟ್, ಸೆಟ್‌ಗೆ 5 ಸಾಕು. ಇದನ್ನ ಕೊನೇಲಿ ಇಟ್ಕೋಬೇಡಿ, ಸುಸ್ತಾದ ಕಾಲಲ್ಲಿ ಹಾರಿದ್ರೆ ಸ್ಪೀಡೂ ಬರಲ್ಲ, ಕೆಳಗೆ ಇಳಿಯೋವಾಗ ಮಂಡಿ ಬೇರೆ ಒಳಗಡೆ ವಾಲಬಹುದು.

ನಿಜವಾಗ್ಲೂ ಟೈಮ್ ಉಳಿಯೋದು ಸೂಪರ್‌ಸೆಟ್‌ನಲ್ಲಿ, ಅಂದ್ರೆ ಎರಡು ಎಕ್ಸರ್ಸೈಜ್‌ನ ಜೋಡಿ ಮಾಡಿ ಒಂದಾದ್ಮೇಲೆ ಒಂದು ಮಾಡೋದ್ರಲ್ಲಿ. ಪುಷಪ್ ಒಂದು ಸೆಟ್ ಮುಗಿಸಿ ಸುಮ್ನೆ ಫೋನ್ ನೋಡ್ತಾ ನಿಲ್ಲೋ ಬದ್ಲು ಅರ್ಧ ನಿಮಿಷ ಬಿಟ್ಟು ಡಂಬೆಲ್ ರೋ (ಮುಂದಕ್ಕೆ ಬಗ್ಗಿ ಡಂಬೆಲ್‌ನ ಸೊಂಟದ ಕಡೆ ಎಳೆಯೋದು) ಮಾಡಿ, ಬೆನ್ನು ಎಳೀತಿರೋವಾಗ ಎದೆಗೆ ರೆಸ್ಟ್ ಸಿಕ್ಕಿರುತ್ತೆ. ಹಿಂಗೇ ಸ್ಕ್ವಾಟ್ ಜೊತೆ ಪ್ಲ್ಯಾಂಕ್ (ಮೊಣಕೈ ಊರಿ ಮೈ ನೆಟ್ಟಗೆ ಹಿಡಿದಿರೋದು), ಮುಂದಿನ ದಿನ ಸ್ಕ್ವಾಟ್ ಜಾಗಕ್ಕೆ ಡೆಡ್‌ಲಿಫ್ಟ್ (ನೆಲದಲ್ಲಿರೋ ವೇಟ್‌ನ ಎತ್ತಿ ನೆಟ್ಟಗೆ ನಿಲ್ಲೋದು). ಈ ಜೋಡಿಗಳಲ್ಲಿ ಪ್ಲ್ಯಾಂಕ್ ಬಿಟ್ಟು ಎಲ್ಲಾ ಸೆಟ್‌ಗೆ 8ರಿಂದ 12 ರೆಪ್ಸ್ (ಅಂದ್ರೆ ಅಷ್ಟು ಸಲ), 3 ಸೆಟ್. 12 ಆರಾಮಾಗಿ ಆಗ್ತಿದೆ ಅಂದ್ರೆ ವೇಟ್ ಸ್ವಲ್ಪ ಏರಿಸಿ ಮತ್ತೆ 8ರಿಂದ ಶುರು ಮಾಡಿ.

ಕೊನೆಗೆ 30 ಸೆಕೆಂಡ್ ಜೋರಾಗಿ ಓಟ, 90 ಸೆಕೆಂಡ್ ನಡಿಗೆ, 5 ಸಲ. ಓಡೋಕಾಗಲ್ಲ ಅಂದ್ರೆ ಸೈಕಲ್. ಮಧ್ಯೆ ಒಂದೊಂದು ದಿನ ಗ್ಯಾಪ್ ಇರ್ಲಿ, ರಾತ್ರಿ ನಿದ್ದೆ ಸರಿಯಾಗಿ ಆಗ್ದೇ ಇದ್ರೆ ಅವತ್ತು ಎಲ್ಲದ್ರಲ್ಲೂ ಒಂದೊಂದು ಸೆಟ್ ಕಮ್ಮಿ ಮಾಡಿ.